ನಾನು ಒಂದು ಶುಕ್ರವಾರವನ್ನು ತಪ್ಪಿಸಿದ್ದು

ಏನೇನು ಆಗಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ವೈರಸ್ ಎದ್ದು ಕಂಪ್ಯೂಟರಿನ ಹೊಟ್ಟೆಯಲ್ಲಿದ್ದುದನ್ನೆಲ್ಲ ನುಂಗಬಹುದಿತ್ತು. ಕರೆಂಟ್ ಹೋಗಬಹುದಿತ್ತು. ಕರೆಂಟ್ ಇದ್ದೂ ಫ್ಯೂಸ್ ಹೋಗಬಹುದಿತ್ತು. ಮೇಲಿನ ಮನೆಯವರ ಬಚ್ಚಲಿನ ನೀರು ಸೋರಿ ಮಾನಿಟರಿನ ತಲೆಗೆ ಅಭಿಷೇಕವಾಗಬಹುದಿತ್ತು. ಪ್ರಿಂಟರಿನ ರಿಬ್ಬನ್ ಒಣಗಬಹುದಿತ್ತು. ಜಿರಲೆ ದಂಪತಿಗಳು ಕೀಬೋರ್ಡಿನೊಳಗೆ ಸಂಸಾರ ಹೂಡಬಹುದಿತ್ತು. ಬೈಂಡಿಂಗ್ ಅಂಗಡಿಯವನು ಪುಟಗಳನ್ನು ತಲೆಕೆಳಗಾಗಿ ಜೋಡಿಸಬಹುದಿತ್ತು. ಲೋಕಲ್ ನಿಲ್ಲಬಹುದಿತ್ತು. ಪ್ರೊಫೆಸರರಿಗೆ ಜ್ವರ ಬರಬಹುದಿತ್ತು. ಪ್ರೊಫೆಸರರಿಗೆ ಬರದೆ ನನಗೆ ಬರಬಹುದಿತ್ತು!

ಇದರಲ್ಲಿ ಒಂದೂ ಆಗಲಿಲ್ಲ. ಆಗದಂತೆ ನೋಡಿಕೊಂಡವನು ನಾನು.

ನನ್ನ ಹೆಂಡತಿ ಲಲಿತಾ ವಿಲೆ ಪಾರ್ಲೆಯ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದಳು. ಜೊತೆಗೆ ಎಂ.ಫಿಲ್. ಪ್ರಬಂಧ ಬರೆಯುತ್ತಿದ್ದಳು. ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ದಿನವೂ ಓಡಾಡುವ ಹೆಂಗಸರು ಆ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂಬುದು ವಿಷಯ. ಬಟಾಣಿ ಸುಲಿಯುವವರು, ಸೊಪ್ಪು ಬಿಡಿಸುವವರು, ನಿಂತೇ ನಿದ್ದೆ ಮಾಡುವವರು, ಎಲ್ಲರನ್ನೂ ಮಾತನಾಡಿಸಿ, ಕುರ್ಲಾದ ನಮ್ಮ ಎರಡು ಕೋಣೆಯ ಮನೆಗೆ ಬಂದು, ಅಡುಗೆ ಮುಗಿಸಿ, ಬರೆಯಲು ಕೂರುತ್ತಿದ್ದಳು. ಅವಳ ಪ್ರೊಫೆಸರರು ಆ ಮಾರ್ಚ್ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಹದಿನಾಲ್ಕನೇ ತಾರೀಖು ಶನಿವಾರ ಆಫೀಸು ಮುಚ್ಚುವುದರೊಳಗೆ ಪ್ರಬಂಧ ಕೊಡಬೇಕು. ತಪ್ಪಿದರೆ ಹೊಸ ಪ್ರೊಫೆಸರು, ಹೊಸ ವಿಷಯ, ಮತ್ತೆ ಮೊದಲಿನಿಂದ ಬಟಾಣಿ!

ನನ್ನ ಆಫೀಸಿನವರು ಮಾರಿದ ಹಳೆಯ ಕಂಪ್ಯೂಟರನ್ನು ನಾನು ಮನೆಗೆ ತಂದದ್ದೇ ಇದಕ್ಕಾಗಿ. ಟೈಪ್ ಮಾಡುವುದು ಅವಳ ಖಾತೆ, ಯಂತ್ರದ ಯೋಗಕ್ಷೇಮ ನನ್ನ ಖಾತೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ನೋಡಲು ದಾದರಿನಿಂದ ವಾಪಸ್ ಬಂದ ಮನುಷ್ಯ ನಾನು. ರಕ್ಷಣಾ ಖಾತೆಗೆ ನನಗಿಂತ ತಕ್ಕವರು ಯಾರಿದ್ದರು?

ಸೋಮವಾರ ನಮ್ಮ ಮಹಡಿಯ ಸದಾನಂದ ಶೆಟ್ಟರು ಕಾಫಿಗೆ ಬಂದರು. ಉಡುಪಿ ಕಡೆಯವರು. ಅವರ ಬಂಧುಗಳೆಲ್ಲ ಹೋಟೆಲು ಇಟ್ಟರೆ ಇವರು ಮಾತ್ರ ವಿಕ್ರೋಳಿಯ ಒಂದು ಕಂಪನಿಯಲ್ಲಿ ಕಂಪ್ಯೂಟರ್ ವಿಭಾಗ ಸೇರಿದ್ದರು.

“ನಾಗರಾಜ್‌ರೇ, ನಿಮ್ಮ ವ್ಯಾಕ್ಸಿನ್ ಫ್ಲಾಪಿ ಯಾವ ಕಾಲದ್ದು?”

“ನೀವೇ ಕೊಟ್ಟಿದ್ರಲ್ಲ, ದೀಪಾವಳಿಗೆ.”

“ದೀಪಾವಳಿದಾ! ಅದರ ಕಥೆ ಮುಗೀತು ಮಾರಾಯ್ರೆ. ಹೊಸ ಹೊಸ ವೈರಸ್ ಬರ್ತಾ ಉಂಟು. ಹಳೆ ವ್ಯಾಕ್ಸಿನ್ನಿಗೆ ಅವುಗಳ ಮುಖಪರಿಚಯವೇ ಇಲ್ಲ. ಈಗ ಒಂದು ಬಂದಿದೆ, ಹದಿಮೂರನೇ ತಾರೀಖು ಶುಕ್ರವಾರ ಬಿದ್ರೆ ಮಾತ್ರ ಏಳುದು. ಎದ್ದು, ಅವತ್ತು ನೀವು ತೆರೆದ ಪ್ರೋಗ್ರಾಮನ್ನೆಲ್ಲ ತಿಂದು ಹಾಕ್ತದೆ.”

ನಾನು ಕ್ಯಾಲೆಂಡರ್ ನೋಡಿದೆ. ಬರುವ ಶುಕ್ರವಾರ ಹದಿಮೂರು!

“ಆದ್ರೆ ಪ್ರಬಂಧದ ಕಾಪಿ ಫ್ಲಾಪಿಯಲ್ಲಿ ಇದೆಯಲ್ಲ?” ಎಂದಳು ಲಲಿತಾ.

“ಉಂಟು ಅಕ್ಕ. ಅದನ್ನು ತೆರೆಯುವ ಪ್ರೋಗ್ರಾಮೇ ಹೋದ್ರೆ ಎಂತ ಮಾಡುದು? ಭರಣಿ ತುಂಬ ಉಪ್ಪಿನಕಾಯಿ ಉಂಟು, ಮುಚ್ಚಳ ತೆಗೀಲಿಕ್ಕೆ ಆಗುದಿಲ್ಲ, ಹಾಗೆ. ಅಲ್ಲ, ಹೊರಗಿನ ಫ್ಲಾಪಿ ಏನಾದ್ರೂ ಹಾಕಿದ್ರಾ?”

“ಛೆ, ಛೆ! ಒಂದೂ ಇಲ್ಲ,” ಎಂದೆ. ಆಮೇಲೆ ಸತ್ಯಕ್ಕೆ ಗೌರವ ಕೊಟ್ಟು, “ಆಫೀಸಿನಿಂದ ಒಂದು ಚೆಸ್ ಆಟ ತಂದಿದ್ದೆ, ಅಷ್ಟೇ,” ಎಂದೆ.

ಲಲಿತಾ ನನ್ನನ್ನು ನೋಡಿದಳು. ಆ ನೋಟವನ್ನು ವರ್ಣಿಸುವುದಿಲ್ಲ.

ಒಳಗಿನಿಂದ ಅಮ್ಮ ಬಂದಳು. ಮೈಸೂರು ಬಿಟ್ಟು ಕುರ್ಲಾಕ್ಕೆ ಬಂದರೂ ಮಡಿ ಬಿಡದ ಹೆಂಗಸು ನಮ್ಮಮ್ಮ. ಎಲ್ಲ ಕೇಳಿಸಿಕೊಂಡು ಕೇಳಿದಳು:

“ಅಂದ್ರೆ ಹೊರಗಿಂದ ಬಂದದ್ದು ಒಳಗಿನದಕ್ಕೆ ತಾಗಬಾರದು. ಅಷ್ಟೇ ತಾನೆ?”

“ಸುಮಾರು ಹಾಗೇ ಅಮ್ಮ,” ಎಂದರು ಶೆಟ್ಟರು.

“ಇದಕ್ಯಾಕಪ್ಪ ಇಷ್ಟೊಂದು ಇಂಗ್ಲಿಷು? ಮೈಲಿಗೆ ಅಂದ್ರೆ ಮುಗೀತು.”

ಆ ಸಂಜೆಯೇ ಫ್ಲಾಪಿಗಳು ಎರಡು ಪಂಗಡವಾದವು. ಲಲಿತಾಳವು ದೇವರ ಗೂಡಿನ ಪಕ್ಕಕ್ಕೆ, ನನ್ನ ಚೆಸ್ ಚಪ್ಪಲಿ ಸ್ಟ್ಯಾಂಡಿಗೆ. ಒಳಗಿನ ಫ್ಲಾಪಿ ಮುಟ್ಟಬೇಕಾದರೆ ನಾನು ಕೈಕಾಲು ತೊಳೆದು ಬರಬೇಕು. ಹೊಸ ವ್ಯಾಕ್ಸಿನ್ನೂ ಹೊರಗಿನದೇ ಅಲ್ಲವೇ ಎಂದು ನಾನು ತರ್ಕ ಹೂಡಿದೆ.

“ಗಂಗಾಜಲ ಏನು ಮನೇಲಿ ಹುಟ್ಟುತ್ತೇನೋ?” ಎಂದಳು ಅಮ್ಮ.

ಹೊಸ ವ್ಯಾಕ್ಸಿನ್ ತಂದೇ ತೀರುವೆನೆಂದು ಪಣ ತೊಟ್ಟು ಬುಧವಾರ ಮಧ್ಯಾಹ್ನವೇ ಆಫೀಸು ಬಿಟ್ಟು ವಿಕ್ರೋಳಿಗೆ ಹೋದೆ. ಶೆಟ್ಟರು ಗೇಟಿನ ಬಳಿ ಫ್ಲಾಪಿ ಕೊಟ್ಟರು. “ಅಯಸ್ಕಾಂತದ ಹತ್ತಿರ ಹಿಡೀಬೇಡಿ, ಮಡಚಬೇಡಿ. ನಾನು ಇವತ್ತು ರಾತ್ರಿ ಬಸ್ಸಿಗೆ ಊರಿಗೆ ಹೊರಟೆ. ಬರುದು ಮುಂದಿನ ವಾರ,” ಎಂದರು.

ಫ್ಲಾಪಿ ಮಡಚಬಾರದೆಂದು ನನ್ನ ಚಪಾತಿ ಡಬ್ಬಿಯಲ್ಲಿ ಇಟ್ಟೆ. ಸ್ಟೀಲಿನದು, ಚಪ್ಪಟೆಯಾಗಿತ್ತು, ಹೇಳಿ ಮಾಡಿಸಿದಂತಿತ್ತು. ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ಇನ್ನೊಂದು ಚಿಂತೆ ಮೊಳೆಯಿತು. ಲೋಕಲ್ಲಿನ ಮೋಟರ್ ಡಬ್ಬಿಯಲ್ಲಿ ಎಂಥ ಅಯಸ್ಕಾಂತ ಇರಬಹುದು! ಗಾಡಿ ಬಂತು. ನನ್ನ ಮುಂದೆ ನಿಂತದ್ದೇ ಮೋಟರ್ ಡಬ್ಬಿ! ಮದ್ದು ಹೊತ್ತವನು ಬೆಂಕಿ ಕಂಡಂತೆ ಓಡಿದೆ. ಗಾಡಿ ಕದಲುವಷ್ಟರಲ್ಲಿ ಕೈಗೆ ಸಿಕ್ಕ ಕಂಬಿ ಹಿಡಿದು ಹತ್ತಿಯೂಬಿಟ್ಟೆ.

“ಏ ಭಾಯ್! ಲೇಡೀಸ್ ಹೈ! ದಿಖ್‌ತಾ ನಹೀಂ ಕ್ಯಾ?”

ಸುತ್ತ ಬರೀ ಸೀರೆಗಳು. ಲಲಿತಾ ವರ್ಷಗಟ್ಟಲೆ ಅಧ್ಯಯನ ಮಾಡಿದ ಲೋಕವನ್ನು ನಾನು ಒಂದೇ ನೆಗೆತಕ್ಕೆ ಪ್ರವೇಶಿಸಿದ್ದೆ.

“ಇಸ್‌ಮೇ ವ್ಯಾಕ್ಸಿನ್ ಹೈ,” ಎಂದು ಡಬ್ಬಿ ತೋರಿಸಿದೆ. “ಮೋಟರ್ ಸೇ ಖರಾಬ್ ಹೋತಾ ಹೈ.”

ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಒಬ್ಬ ಮರಾಠಿ ಮಾವಶಿ ಡಬ್ಬಿಯನ್ನು ಮೂಸಿ, “ಅಗ ಬಾಯೀ, ಹ್ಯಾತ್ ತರ್ ಲೋಣಚ ಆಹೇ!” ಎಂದಳು. ಅದರಲ್ಲಿ ಉಪ್ಪಿನಕಾಯಿ ಇದೆ ಎಂಬುದು ಆಕೆಯ ತೀರ್ಪು. ಇಡೀ ಡಬ್ಬಿ ನಕ್ಕಿತು. ಘಾಟ್‌ಕೋಪರಿನಲ್ಲಿ ನನ್ನನ್ನು ಸಕಲ ಮರ್ಯಾದೆಯೊಂದಿಗೆ ಇಳಿಸಲಾಯಿತು.

ಮಾವಶಿಯ ಮೂಗು ಸುಳ್ಳು ಹೇಳಿರಲಿಲ್ಲ. ಮನೆಯಲ್ಲಿ ಡಬ್ಬಿ ತೆರೆದರೆ, ಮಧ್ಯಾಹ್ನದ ಚಪಾತಿಯ ಜೊತೆಗಿದ್ದ ಮಾವಿನಕಾಯಿ ಉಪ್ಪಿನಕಾಯಿಯ ಎಣ್ಣೆ ಫ್ಲಾಪಿಯ ಒಳಗೆಲ್ಲ ಇಳಿದಿತ್ತು. ಒರೆಸಿ ಯಂತ್ರಕ್ಕೆ ತೂರಿಸಿದೆ. ಅದು ಗರಗರ ಕೆಮ್ಮಿ, ಪರದೆಯ ಮೇಲೆ ‘ಅಬಾರ್ಟ್, ರಿಟ್ರೈ, ಫೇಲ್?’ ಎಂದು ಕೇಳಿತು. ರಿಟ್ರೈ ಒತ್ತಿದೆ. ಮತ್ತೆ ಅದೇ. ಮತ್ತೆ ಒತ್ತಿದೆ. ಮತ್ತೆ ಅದೇ.

“ನಿಮ್ಮ ಇಂಟರ್‌ಮೀಡಿಯೆಟ್ ಪರೀಕ್ಷೆ ಹೀಗೇ ಆಗಿತ್ತು ಅಂತ ಅಮ್ಮ ಹೇಳಿದ ನೆನಪು,” ಎಂದಳು ಲಲಿತಾ.

ಶೆಟ್ಟರು ಅಷ್ಟರಲ್ಲಿ ಊರಿನ ಬಸ್ಸು ಹತ್ತಿ ಆಗಿತ್ತು. ಗುರುವಾರವೇ ಮುದ್ರಿಸಿಬಿಡೋಣವೆಂದರೆ, ಕೊನೆಯ ಅಧ್ಯಾಯ ಇನ್ನೂ ಪ್ರೊಫೆಸರರ ಬಳಿಯೇ ಇತ್ತು. ಗುರುವಾರ ಸಂಜೆ ಅದು ಕೆಂಪು ಶಾಯಿಯಲ್ಲಿ ಮಿಂದು ಬಂತು. ತಿದ್ದುವುದಕ್ಕೂ ಮುದ್ರಿಸುವುದಕ್ಕೂ ಉಳಿದದ್ದು ಒಂದೇ ದಿನ. ಶುಕ್ರವಾರ!

ಲಲಿತಾ ಮಂಚದ ಮೇಲೆ ಕೂತು ತಿದ್ದುಪಡಿಗಳನ್ನು ನೋಡುತ್ತಿದ್ದಳು. “ಕೈಯಲ್ಲೇ ಬರೆದುಬಿಡ್ಲಾ?” ಎಂದಳು ಮೆಲ್ಲಗೆ. ಆ ದನಿಯಲ್ಲಿ ಹಾಸ್ಯ ಇರಲಿಲ್ಲ. ನನ್ನ ಚೆಸ್ ಆಟದಿಂದ ಅವಳ ಇಷ್ಟು ವರ್ಷದ ದುಡಿಮೆ ಮಣ್ಣಾಗಬಾರದು. ನಾನು ಎದ್ದು ನಿಂತು ಘೋಷಿಸಿದೆ: “ಕಂಪ್ಯೂಟರಿನಲ್ಲೇ ಆಗುತ್ತೆ. ನಾಳೆಯೇ ಆಗುತ್ತೆ. ವೈರಸ್ ಏಳುವುದಿಲ್ಲ. ಇದು ನನ್ನ ಮಾತು!”

“ಹೇಗೆ?” ಎಂದಳು.

ಹೇಗೆ ಎಂಬುದು ನನಗೂ ತಿಳಿದಿರಲಿಲ್ಲ. ತಿಳಿಸಿದವಳು ಅಮ್ಮ.

ನಮ್ಮ ಕಂಪ್ಯೂಟರಿಗೆ ಸ್ವಂತ ಗಡಿಯಾರ ಇರಲಿಲ್ಲ. ಹಚ್ಚಿದಾಗಲೆಲ್ಲ ‘ಇವತ್ತು ಯಾವ ತಾರೀಖು?’ ಎಂದು ನಮ್ಮನ್ನೇ ಕೇಳುತ್ತಿತ್ತು. ನಾವು ಹೇಳಿದ್ದನ್ನು ನಂಬುತ್ತಿತ್ತು. ಅಮ್ಮ ಇದನ್ನು ನೋಡಿಟ್ಟುಕೊಂಡಿದ್ದಳು.

“ಅದೇ ನಮ್ಮನ್ನ ಕೇಳುತ್ತಲ್ಲೋ ನಾಗು? ಹದಿಮೂರು ಅಂತ ಹೇಳ್ಲೇಬೇಡ. ಪಂಚಾಂಗದಲ್ಲಿ ತಿಥಿ ಕ್ಷಯ ಆಗಲ್ವೇನೋ? ಪಾಡ್ಯ ಆದ್ಮೇಲೆ ಬಿದಿಗೆ ಇಲ್ದೆ ನೇರ ತದಿಗೆ ಬರುತ್ತೆ. ಯಾರಿಗಾದ್ರೂ ಏನಾದ್ರೂ ಆಗಿದ್ಯಾ?”

ನಾನು ಅಮ್ಮನ ಕಾಲಿಗೆ ಬೀಳುವುದೊಂದು ಬಾಕಿ. ಶುಕ್ರವಾರವನ್ನೇ ಕ್ಷಯ ಮಾಡುವುದು! ಸಾಧಾರಣ ಮನುಷ್ಯನಾಗಿದ್ದರೆ ಶುಕ್ರವಾರ ಬೆಳಿಗ್ಗೆ ‘ಹದಿನಾಲ್ಕು’ ಎಂದು ಒತ್ತಿ ಸುಮ್ಮನಾಗುತ್ತಿದ್ದ. ನಾನು ಚಿಂತಿಸುವ ಮನುಷ್ಯ. ಹನ್ನೆರಡು ಆದ ಮೇಲೆ ಹದಿನಾಲ್ಕು ಬಂದರೆ ವೈರಸ್ಸಿಗೆ ಸಂಶಯ ಬಾರದೇ? ನಿದ್ದೆಗಣ್ಣಲ್ಲಿ ಅದು ಬೆರಳು ಮಡಚಿ ಎಣಿಸಿ ನೋಡಿದರೆ? ಅದಕ್ಕಿಂತ ವೈರಸ್ ಹುಟ್ಟುವುದಕ್ಕೂ ಹಿಂದಿನ ಕಾಲಕ್ಕೆ ಯಂತ್ರವನ್ನು ಒಯ್ದುಬಿಟ್ಟರೆ? ಹುಟ್ಟದೇ ಇರುವವನು ಏಳುವುದು ಹೇಗೆ!

ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ ಯಂತ್ರದ ಮುಂದೆ ಕೂತೆ. ಅದು ತಾರೀಖು ಕೇಳಿತು. ಶುಭವಾಗಲಿ ಎಂದು ೧೯೭೧ರ ನಮ್ಮ ಮದುವೆಯ ದಿನ ಕೊಟ್ಟೆ.

‘ಇನ್‌ವ್ಯಾಲಿಡ್ ಡೇಟ್’ ಎಂದಿತು.

“ನಾನೂ ಅದನ್ನೇ ಹೇಳ್ತಾ ಬಂದಿದೀನಿ,” ಎಂದಳು ಲಲಿತಾ, ಕಾಗದದಿಂದ ತಲೆ ಎತ್ತದೆ.

ಒಂದೊಂದೇ ವರ್ಷ ಮುಂದೆ ಬಂದೆ. ಕೊನೆಗೆ ೧೯೮೦ರ ಜನವರಿ ಒಂದನ್ನು ಅದು ಒಪ್ಪಿಕೊಂಡಿತು. ಅಂದು ಮಂಗಳವಾರವೆಂದೂ ತಾನೇ ತಿಳಿಸಿತು.

“ಮಂಗಳವಾರ ಬೇಡ್ವೋ,” ಎಂದಳು ಅಮ್ಮ. “ಬುಧವಾರ ಮಾಡು. ವಿದ್ಯೆಗೆ ಬುಧ.”

ಜನವರಿ ಎರಡು, ಬುಧವಾರ. ಲಲಿತಾ ಟೈಪ್ ಮಾಡತೊಡಗಿದಳು. ನಾನು ಹಿಂದೆ ಕಾವಲು ನಿಂತೆ. ಪ್ರೋಗ್ರಾಮು ತೆರೆಯಿತು, ಅಧ್ಯಾಯ ತೆರೆಯಿತು, ಏನೂ ಆಗಲಿಲ್ಲ! ಪಕ್ಕದ ಮನೆಗೆ ಹೋಗಿ ಮಿಕ್ಸಿ ಹಾಕಬೇಡಿರೆಂದು ಕೈಮುಗಿದು ಬಂದೆ. ಮೇಲಿನ ಮನೆಗೆ ಹೋಗಿ ಸ್ನಾನವನ್ನು ಸಂಜೆಗೆ ಮುಂದೂಡಲು ವಿನಂತಿಸಿದೆ. ಅವರು ಬಾಗಿಲು ಹಾಕಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಪ್ರಿಂಟರು ಚರ್‍ ಚರ್‍ ಎಂದು ಕಿರುಚುತ್ತ ಉದ್ದನೆಯ ಕಾಗದವನ್ನು ಕಕ್ಕತೊಡಗಿತು. ಅಮ್ಮ ಬಾಳೆಲೆ ಸೀಳುವ ನಾಜೂಕಿನಲ್ಲಿ ಪುಟ ಪುಟ ಬಿಡಿಸಿಕೊಟ್ಟಳು. ನಾನು ಪ್ರತಿ ಪುಟದ ತಲೆಯ ಮೇಲಿನ ಸಂಖ್ಯೆ ನೋಡಿ ಜೋಡಿಸಿದೆ. ಸಂಜೆಯೊಳಗೆ ಸ್ಟೇಷನ್ ಬಳಿ ಝೆರಾಕ್ಸ್ ಆಗಿ, ಬೈಂಡಿಂಗ್ ಆಗಿ, ನಾಲ್ಕು ಪ್ರತಿ ಕೈಗೆ ಬಂದವು. ಲಲಿತಾ ಒಂದನ್ನು ಎದೆಗೆ ಒತ್ತಿಕೊಂಡು, “ರೀ, ನೀವು ಹಠ ಹಿಡಿದದ್ದು ಒಳ್ಳೇದಾಯ್ತು,” ಎಂದಳು. ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ಈ ವಾಕ್ಯ ಮೊದಲನೆಯದು. ಅಂದು ನಾನು ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡದೆ ಮಲಗಿದೆ.

ಶನಿವಾರ ನಾನೂ ಜೊತೆಗೆ ಹೋದೆ. ರಕ್ಷಣಾ ಸಚಿವರು ವಿಜಯೋತ್ಸವಕ್ಕೆ ಗೈರುಹಾಜರಾಗುವುದುಂಟೆ? ಪ್ರೊಫೆಸರರು ಮರಾಠಿಯವರು, ಸೌಮ್ಯ ಮನುಷ್ಯ. ಕನ್ನಡಕ ಏರಿಸಿ, ಪುಟ ತಿರುವಿ, ತಲೆಯಾಡಿಸಿದರು. ಇನ್ನೊಂದು ತಿರುವಿದರು. ಆಮೇಲೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಪುಟದ ತಲೆಯನ್ನು ಬಿಟ್ಟು ಕಾಲನ್ನು ನೋಡಿದರು.

“ಮ್ಯಾಡಮ್,” ಎಂದರು, “ಇನ್ ಔರತೋಂ ಸೇ ಆಪ್ ನೈಂಟಿ ಮೇ ಮಿಲೇ. ಔರ್ ಥೀಸಿಸ್ ಎಯ್ಟಿ ಮೇ ಲಿಖಾ?”

ತೊಂಬತ್ತರಲ್ಲಿ ಮಾತನಾಡಿಸಿದ ಹೆಂಗಸರ ಬಗ್ಗೆ ಎಂಬತ್ತರಲ್ಲೇ ಬರೆದದ್ದು ಹೇಗೆ ಎಂಬ ಈ ಪ್ರಶ್ನೆ ಲಲಿತಾಳಿಗೆ ಅರ್ಥವಾಗಲಿಲ್ಲ.

“ಯೇ ಸೋಶಿಯಾಲಜಿ ಹೈ ಯಾ ಜ್ಯೋತಿಷ್?”

ಅವಳು ಬಗ್ಗಿ ನೋಡಿದಳು. ನಾನೂ ಬಗ್ಗಿ ನೋಡಿದೆ. ಯಾವ ಪ್ರತಿ ಹಳೆಯದು, ಯಾವುದು ಹೊಸದು ಎಂದು ಗೊತ್ತಾಗಲಿ ಎಂದು ಅವಳು ಪ್ರತಿ ಪುಟದ ಅಡಿಯಲ್ಲಿ ಅಂದಿನ ತಾರೀಖು ತಾನಾಗಿಯೇ ಬೀಳುವಂತೆ ಮಾಡಿಟ್ಟಿದ್ದಳಂತೆ. ಬಿದ್ದಿತ್ತು. ಚಿಕ್ಕದಾಗಿ, ಸ್ಪಷ್ಟವಾಗಿ, ಮೊದಲ ಪುಟದಿಂದ ಕೊನೆಯ ಪುಟದವರೆಗೆ: ಜನವರಿ ಎರಡು, ಸಾವಿರದ ಒಂಬೈನೂರ ಎಂಬತ್ತು. ಝೆರಾಕ್ಸಿನ ಕೃಪೆಯಿಂದ ನಾಲ್ಕು ಪಟ್ಟು!

ಪ್ರೊಫೆಸರರು ನಕ್ಕು, ಡ್ರಾಯರಿನಿಂದ ಬಿಳಿ ಬಣ್ಣದ ಸೀಸೆ ತೆಗೆದುಕೊಟ್ಟರು. ಆಫೀಸು ಮುಚ್ಚುವುದರೊಳಗೆ ತಾರೀಖು ಕಾಣದಂತೆ ಬಳಿದು ತಂದರೆ ಸಹಿ ಹಾಕುತ್ತೇನೆಂದರು. ವರಾಂಡದ ಬೆಂಚಿನ ಮೇಲೆ ಲಲಿತಾ ಬಳಿದಳು, ನಾನು ಊದಿ ಒಣಗಿಸಿದೆ. ಪುಟ, ಬಳಿ, ಊದು. ಪುಟ, ಬಳಿ, ಊದು. ಕೊನೆಯ ಪುಟ ಒಣಗುವ ಹೊತ್ತಿಗೆ ನನ್ನ ತಲೆ ತಿರುಗುತ್ತಿತ್ತು. ಗುಮಾಸ್ತರು ಬೀಗದ ಕೈ ಹಿಡಿದು ನಿಂತಿದ್ದರು. ಪ್ರೊಫೆಸರರ ಸಹಿ ಆಯಿತು, ಗುಮಾಸ್ತರ ಮೊಹರು ಬಿತ್ತು.

ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತೆವು. ಲಲಿತಾ ಕೇಳಿದಳು:

“ರೀ, ಆ ವೈರಸ್ ಎದ್ದಿದ್ರೆ ಏನು ಮಾಡ್ತಿತ್ತು?”

“ಎಲ್ಲಾ ಅಳಿಸಿ ಹಾಕ್ತಿತ್ತು,” ಎಂದೆ, ಇನ್ನೂ ಉಳಿದಿದ್ದ ಸ್ವಲ್ಪ ಠೀವಿಯಿಂದ.

ಅವಳು ಉಗುರಿಗೆ ಅಂಟಿದ ಬಿಳಿಯನ್ನು ಕೆರೆಯುತ್ತ ಹೇಳಿದಳು:

“ಬೆಳಗಿಂದ ನಾವು ಮಾಡಿದ್ದೂ ಅದೇ ಅಲ್ವಾ? ಕೈಯಲ್ಲಿ.”