ಕಪ್ಪಾದ್ರೂ ಲಕ್ಷಣವಾಗಿದ್ದಾಳೆ

ಕೆಲವರಿಗೆ ಶನಿ ಹೆಗಲೇರುತ್ತಾನೆ, ನನ್ನ ಹೆಗಲೇರಿದ್ದು ಒಂದು ಪದ: ಲಕ್ಷಣ. ನಾನು ಎಣ್ಣೆಗಪ್ಪು. ಹುಟ್ಟಿದ ದಿನವೇ ಸೂಲಗಿತ್ತಿ, "ಕಪ್ಪಾದ್ರೂ ಲಕ್ಷಣವಾಗಿದೆ ಮಗು" ಅಂದಳಂತೆ. ಅವತ್ತಿನಿಂದ ನೋಡಿದವರೆಲ್ಲ ಅದನ್ನೇ ಹಾಡಿದರು. ಆ 'ಆದ್ರೂ' ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಾಲದು ಅಂತ ಶಿಡ್ಲಘಟ್ಟದ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ನನಗೆ ಸಿಕ್ಕಿದ್ದು ಕನ್ನಡ ವ್ಯಾಕರಣ ಹೇಳಿಕೊಡುವ ಕೆಲಸ. ವ್ಯಾಕರಣದ ತುಂಬ ಬರೀ ಲಕ್ಷಣವೇ!

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಮನೆಯಲ್ಲಿ ನನಗೆ ಗಂಡು ಹುಡುಕುತ್ತಿದ್ದರು. ಚಿಂತಾಮಣಿಯವರು ಬಂದು ಬಣ್ಣ ನೋಡಿ ಎದ್ದು ಹೋದರು. ಚಿಕ್ಕಬಳ್ಳಾಪುರದವರು ಬಣ್ಣಕ್ಕೆ ಒಪ್ಪಿದರು, ಆದರೆ ಕೆಲಸ ಬಿಡಬೇಕು ಅಂದರು. ನಾನು ಆಗಲ್ಲ ಅಂದೆ. "ಬಣ್ಣಾನೂ ಇಲ್ಲ, ಬಗ್ಗೋದೂ ಇಲ್ಲ, ಏನಮ್ಮ ಮಾಡ್ಲಿ ನಿನ್ನ?" ಅಂತ ಅಮ್ಮ ಕಣ್ಣೀರು ಹಾಕಿದಳು. ಮದುವೆ ನನಗೂ ಬೇಕಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಕೆಲಸ ಬಿಟ್ಟು ಅಲ್ಲ.

ಒಂದು ಅಂಕದ ಪ್ರಶ್ನೆ

ಅರ್ಧವಾರ್ಷಿಕ ಪರೀಕ್ಷೆಯಲ್ಲಿ, 'ನಾಮಪದದ ಲಕ್ಷಣ ತಿಳಿಸಿ' ಅಂತ ಪ್ರಶ್ನೆ ಕೊಟ್ಟಿದ್ದೆ. ಒಬ್ಬ ಹುಡುಗಿ ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: 'ನಾಮಪದವು ಕಪ್ಪಾದರೂ ಲಕ್ಷಣವಾಗಿದೆ.'

ಕರೆದು ಕೇಳಿದೆ, "ಏನೇ ಇದು?"

"ಓದಿರ್ಲಿಲ್ಲ ಮೇಡಂ. ನಿಮ್ಮನ್ನ ಎಲ್ಲರೂ ಹಂಗೇ ಅಂತಾರಲ್ಲ, ಲಕ್ಷಣ ಅಂದ್ರೆ ಅಷ್ಟೇ ಅನ್ಕೊಂಡೆ."

ಬೈಯೋಣ ಅಂದರೆ ನಗು ತಡೆಯಲಾಗಲಿಲ್ಲ. ಉತ್ತರಕ್ಕೆ ಸೊನ್ನೆ ಹಾಕಿದೆ, ಧೈರ್ಯಕ್ಕೆ ಅರ್ಧ ಅಂಕ ಕೊಟ್ಟೆ.

ಜ್ವರದ ಮುಖ

ಪಕ್ಕದ ಮನೆ ಅಜ್ಜಿಗೆ ಚಳಿಜ್ವರ. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಮೈಸೂರು ಕಡೆಯವರು, ಹೊಸಬರು, ಪುಸ್ತಕದ ಕನ್ನಡ. "ಲಕ್ಷಣ ಏನಿದೆ ಹೇಳಿ ಅಮ್ಮ" ಅಂದರು.

ಅಜ್ಜಿ ಸೆರಗು ಸರಿಮಾಡಿಕೊಂಡಳು. "ಈಗೇನಿದೆ ಡಾಕ್ಟ್ರಪ್ಪ, ಹಲ್ಲೆಲ್ಲ ಬಿದ್ದೋಗವೆ. ಮದುವೆ ಹೊಸದ್ರಲ್ಲಿ ನೋಡ್ಬೇಕಿತ್ತು ನನ್ನ!"

"ಅಯ್ಯೋ, ನಿಮ್ಮದಲ್ಲಮ್ಮ, ಜ್ವರದ ಲಕ್ಷಣ!"

"ಜ್ವರಕ್ಕೆಂಥ ಲಕ್ಷಣ? ಅದರ ಮುಖಕ್ಕೆ ಬೆಂಕಿ ಹಾಕ!"

ಉಪ್ಪಿಟ್ಟು ನೆತ್ತಿಗೇರಿದ್ದು

ಮೂರನೆಯವರು ಗೌರಿಬಿದನೂರಿನಿಂದ ಬಂದರು. ಹುಡುಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ, ಹಾಲಿನಂಥ ಬಣ್ಣ, ತಲೆ ಎತ್ತಲಿಲ್ಲ. ಜೊತೆಗೆ ಬಂದವರು ಅವರ ಅಜ್ಜಿ ಮತ್ತು ಸೋದರಮಾವ. ಅಜ್ಜಿಗೆ ಕನ್ನಡ ಅರ್ಥವಾಗುತ್ತಿತ್ತು, ಆಡುವುದು ಮಾತ್ರ ತೆಲುಗು. ಸೋದರಮಾವ ಭಾರೀ ಆಸಾಮಿ, ಮಾತೆಲ್ಲ ಅವರದೇ. ಅಮ್ಮ ನನ್ನನ್ನು ಬಾಗಿಲಲ್ಲೇ ಜಿಗುಟಿ, "ಈ ಸಲ ಬಾಯಿ ಮುಚ್ಕೊಂಡಿರು ತಾಯಿ" ಅಂದಿದ್ದಳು.

ನಾನು ಉಪ್ಪಿಟ್ಟಿನ ತಟ್ಟೆ ಇಟ್ಟು ಚಾಪೆ ಮೇಲೆ ಕೂತೆ. ಸೋದರಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬಣ್ಣ ಕಮ್ಮಿ. ಕಪ್ಪಾದ್ರೂ ಲಕ್ಷಣವಾಗಿದ್ದಾಳೆ" ಅಂದರು. ನಾನು ತುಟಿ ಕಚ್ಚಿಕೊಂಡೆ. ಅವರು ಅಷ್ಟಕ್ಕೇ ಬಿಡಬೇಕಲ್ಲ! "ಕನ್ನಡ ಹೇಳ್ಕೊಡ್ತೀಯಂತೆ. ಎಲ್ಲಿ, ಲಕ್ಷಣ ಅಂದ್ರೆ ಏನು ಹೇಳು ನೋಡೋಣ."

ಮೇಷ್ಟರ ಮುಂದೆ ಪ್ರಶ್ನೆ ಇಟ್ಟರೆ ಬಾಯಿ ಮುಚ್ಚಿಕೊಂಡಿರಲು ಆಗುತ್ತದಾ?

"ಲಕ್ಷಣ ಅಂದ್ರೆ ಗುರುತು," ಅಂದೆ. "ಲಕ್ಷ್ ಅನ್ನೋ ಸಂಸ್ಕೃತ ಧಾತುವಿಂದ ಬಂದಿದ್ದು. ಗಮನಿಸು, ಗುರುತಿಡು ಅಂತ. ಒಳ್ಳೆ ಗುರುತಿರೋ ಮುಖಕ್ಕೆ ಲಕ್ಷಣವಾಗಿದೆ ಅನ್ನೋದು ಆಮೇಲೆ ಬಂದ ರೂಢಿ. ಬಣ್ಣಕ್ಕೂ ಅದಕ್ಕೂ ಸಂಬಂಧವೇ ಇಲ್ಲ."

"ಒಂದು ಉದಾಹರಣೆ ಕೊಡು."

ಶಾಸ್ತ್ರದಲ್ಲಿ ಎಲ್ಲರೂ ಕೊಡುವ ಉದಾಹರಣೆಯನ್ನೇ ಕೊಟ್ಟೆ. "ಹಸುವಿನ ಲಕ್ಷಣ ಗಂಗೆದೊಗಲು. ಕತ್ತಿನ ಕೆಳಗೆ ಜೋಲಾಡ್ತಿರತ್ತಲ್ಲ, ಆ ತೊಗಲು. ಅದು ಕಂಡ್ರೆ ಹಸು ಅಂತ ತಿಳ್ಕೋಬೇಕು."

ಹೇಳಿ ತಲೆ ಎತ್ತಿದೆ. ದೇವರೇ! ಸೋದರಮಾವನವರ ಗಲ್ಲದ ಕೆಳಗೆ ಒಂದು ಹಿಡಿ ತೊಗಲು, ಉಪ್ಪಿಟ್ಟು ಅಗಿದಂತೆಲ್ಲ ತೂಗುತ್ತಿತ್ತು. ಆಣೆ ಮಾಡಿ ಹೇಳ್ತೀನಿ, ಅಲ್ಲಿವರೆಗೂ ನಾನು ನೋಡಿರಲಿಲ್ಲ. ಎಲ್ಲರ ಕಣ್ಣೂ ಅಲ್ಲಿಗೇ ಹೋಯಿತು. ಅವರು ಅಗಿಯುವುದು ನಿಲ್ಲಿಸಿದರು.

ಹುಡುಗನಿಗೆ ಉಪ್ಪಿಟ್ಟು ನೆತ್ತಿಗೇರಿತು. ಅಜ್ಜಿ ಮೊಮ್ಮಗನ ಬೆನ್ನು ಗುದ್ದುತ್ತಾ, "ಸರಿಗ್ಗಾ ಚೆಪ್ಪಿಂದಿ ಪಿಲ್ಲ!" ಸರಿಯಾಗಿ ಹೇಳಿದಳು ಹುಡುಗಿ, ಅಂತ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಸೋದರಮಾವ ಶಲ್ಯ ಕೊಡವಿ ಎದ್ದು ನಿಂತರು. ಅಮ್ಮ ಗೋಡೆ ಹಿಡಿದುಕೊಂಡಳು. ಮುಗಿಯಿತು ಕಥೆ ಅಂದುಕೊಂಡೆ ನಾನು.

ಆಗ ಹುಡುಗ ನೀರು ಕುಡಿದು, ಮೊದಲ ಸಲ ಬಾಯಿ ಬಿಟ್ಟರು. "ಮಾವ, ಕೂತ್ಕೊಳಿ. ಮೇಡಂ, ನಂದೂ ಒಂದು ಪ್ರಶ್ನೆ. ಗಂಡನ ಲಕ್ಷಣ ಏನು?"

ಹೇಗೂ ಸಂಬಂಧ ಮುರಿದಿದೆ, ಇನ್ನೇನು ಹೆದರಿಕೆ? "ಹೆಂಡ್ತಿಗೆ ಕೆಲಸ ಬಿಡು ಅನ್ನದೆ ಇರೋದು" ಅಂದೆ.

"ಅಷ್ಟೇನಾ? ಗೌರಿಬಿದನೂರಲ್ಲೂ ಸ್ಕೂಲಿದೆ, ವರ್ಗ ಮಾಡಿಸ್ಕೊಂಡ್ರಾಯ್ತು."

ಆಮೇಲೆ ಅವರು ನಮ್ಮಮ್ಮನ ಕಡೆ ತಿರುಗಿ, ಬಲು ವಿನಯದಿಂದ ಕೈಮುಗಿದರು.

"ನಾನು ಬೆಳ್ಳಗಿದ್ರೂ ಲಕ್ಷಣವಾಗಿದ್ದೀನಿ. ಹುಡುಗೀನ ಕೊಡ್ತೀರಾ ಅಮ್ಮ?"