ಅತ್ತೆ ಮೂರ್ಛೆ ಬೀಳುವ ಭಾನುವಾರಗಳು

ನನ್ನ ಸೋದರತ್ತೆ ಇತ್ತೀಚಿನವರೆಗೂ ಪ್ರತಿ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಸರಿಯಾಗಿ ಮೂರ್ಛೆ ಬೀಳುತ್ತಿದ್ದರು. ಬೀಳುವ ಮೊದಲು ಚಾಪೆ ಹಾಸಿಕೊಳ್ಳುತ್ತಿದ್ದರು, ಕನ್ನಡಕ ತೆಗೆದು ಡಬ್ಬಿಯಲ್ಲಿಡುತ್ತಿದ್ದರು, ನೆರಿಗೆ ಸರಿಮಾಡಿಕೊಳ್ಳುತ್ತಿದ್ದರು. ಇಷ್ಟು ಅಚ್ಚುಕಟ್ಟಾಗಿ ಮೂರ್ಛೆ ಹೋಗುವವರನ್ನು ನೀವೆಲ್ಲಾದರೂ ಕಂಡಿದ್ದೀರಾ?

ಅವರಿಗೆ ಮೂರ್ಛೆರೋಗ ಇಲ್ಲ. ಇರುವುದು ನನಗೆ.

ಅತ್ತೆ ಧಾರವಾಡದವರು. ಕೋಲ್ಕತ್ತದ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿ ಲೇಕ್ ಗಾರ್ಡನ್ಸ್‌ನಲ್ಲಿದ್ದಾರೆ. ಸಂಶೋಧನೆಗೆಂದು ಬಂದ ನಾನು ಮೊದಲು ಬೇರೆ ಕಡೆ ಬಾಡಿಗೆಗಿದ್ದೆ. ಅಲ್ಲಿ ಒಮ್ಮೆ ಫಿಟ್ಸ್ ಬಂದಾಗ ಮನೆಯವರು ನನ್ನ ಕೈಗೆ ಬೀಗದ ಕೈ ಕೊಟ್ಟು, ಮೂಗಿಗೆ ಚಪ್ಪಲಿ ಹಿಡಿದು, ಬಾಯಿಗೆ ಚಮಚ ತುರುಕಿದರು. ಮುಂದಿನ ಹಲ್ಲು ಅರ್ಧ ಮುರಿಯಿತು. ಆ ವಾರವೇ ಕೋಣೆ ಖಾಲಿ ಮಾಡಿಸಿದರು. ಅತ್ತೆಯ ಮನೆಗೆ ಬಂದ ಮೇಲೆ ಯಾರಿಗೂ ಹೇಳದಿರಲು ನಿಶ್ಚಯಿಸಿ, ಮಾತ್ರೆಗಳನ್ನು ಏಲಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟೆ.

ಕಳೆದ ವರ್ಷ ಅತ್ತೆಗೆ ಸರ್ಪಸುತ್ತು ಆಯಿತು. ಗುಳ್ಳೆ ಒಣಗಿದರೂ ಎಡಪಕ್ಕೆಯ ಉರಿ ಹೋಗಲಿಲ್ಲ. ಸೆರಗು ತಾಕಿದರೂ ಕರೆಂಟು ಹೊಡೆದಂತೆ. ಡಾಕ್ಟರು ಗ್ಯಾಬಪೆಂಟಿನ್ ಬರೆದರು. ಅತ್ತೆ ಚೀಟಿ ನೋಡಿದರು, ನನ್ನನ್ನು ನೋಡಿದರು. ನನ್ನ ಏಲಕ್ಕಿ ಡಬ್ಬಿಯಲ್ಲೂ ಅದೇ ಇತ್ತು!

ಫಿಟ್ಸಿನ ಮಾತ್ರೆ ಪಕ್ಕೆನೋವಿಗೆ ಯಾಕೆಂದು ಅತ್ತೆ ವಾದಕ್ಕೆ ನಿಂತರು. ಅತಿಯಾಗಿ ಮಿಡಿಯುವ ನರಗಳನ್ನು ಇದು ತಣಿಸುತ್ತದೆ, ಘಾಸಿಯಾದ ನರವೂ ಹಾಗೆಯೇ ಸುಮ್ಮನೆ ಚೀರುತ್ತಿರುತ್ತದೆ ಎಂದರು ಡಾಕ್ಟರು. ನೋವು ಎಡಪಕ್ಕೆಯಲ್ಲಿದೆಯೆಂದು ಮಾತ್ರೆಗೆ ಹೇಗೆ ಗೊತ್ತು? ಗೊತ್ತಿಲ್ಲ, ಅದು ಮೈಯೆಲ್ಲ ಸುತ್ತುತ್ತದೆ, ಅದಕ್ಕೇ ತೂಕಡಿಕೆ. ಅದು ಕೆಲಸ ಮಾಡುವ ಬಗೆ ನಮಗೂ ಪೂರ್ತಿ ತಿಳಿದಿಲ್ಲ ಎಂದುಬಿಟ್ಟರು.

ಅತ್ತೆ ಹಿಗ್ಗಿಹೋದರು. "ಗೊತ್ತಿಲ್ಲ ಅಂದ ಮೊದಲನೇ ಡಾಕ್ಟರ್ ಇವರು! ಇಂಥಾವ್ರಿಗೆ ನಾ ಪೂರ್ತಿ ಮಾರ್ಕ್ಸ್ ಕೊಡತಿದ್ದೆ."

ಪೂರ್ತಿ ಮಾರ್ಕ್ಸ್ ಪಡೆದ ಮಾತ್ರೆ ಮೊದಲ ವಾರದಲ್ಲೇ ಅವರನ್ನು ಆಟೋದಲ್ಲಿ ಮಲಗಿಸಿ, ಇಳಿಯುವ ಜಾಗ ದಾಟಿಸಿ, ಟಾಲಿಗಂಜ್ ಮುಟ್ಟಿಸಿತು. ಅಲ್ಲಿಂದ ವಾಪಸು ಬರುವಾಗಲೂ ನಿದ್ದೆ!

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಕೆಳಗಿನ ಮನೆಯ ಬೌದಿ, ಅಂದರೆ ಇಡೀ ಕಟ್ಟಡಕ್ಕೆ ಅತ್ತಿಗೆಯಾದ ಹೆಂಗಸು, ಮೆಟ್ಟಿಲಲ್ಲಿ ಸಿಕ್ಕಾಗ ಅತ್ತೆ ತಾನು ಫಿಟ್ಸಿನ ಮಾತ್ರೆ ನುಂಗುತ್ತೇನೆಂದು ಗಟ್ಟಿಯಾಗಿ ಸಾರಿದರು. ನನಗೆ ಬೆವರು ಬಂತು.

"ಅತ್ಯಾ, ಮೆಲ್ಲಕ ಮಾತಾಡ್ರಿ!"

"ಯಾಕ? ಗುಳಿಗಿ ನಂದು, ಪಕ್ಕಿ ನಂದು. ನಿನಗ್ಯಾಕ ಸಂಕಟ?"

ಮರುದಿನ ಅತ್ತೆ ಗೇಟಿನಲ್ಲಿ ಜೋರಾಗಿ ಸೀನಿದರು. ಗೇಟು ಕಾಯುವ ದರ್ವಾನ್ ಬೂಟು ಬಿಚ್ಚಿ ಹಿಡಿದು ಓಡಿಬಂದ!

ಆ ಬೂಟನ್ನು ನೋಡಿದ ಮೇಲೆಯೇ ಭಾನುವಾರದ ತರಗತಿ ಶುರುವಾದದ್ದು. ಅತ್ತೆ ನೆಲಮಹಡಿಯಲ್ಲಿ ಮಲಗುವುದು. ಉಳಿದವರು ಎಡಮಗ್ಗುಲಿಗೆ ಹೊರಳಿಸಿ, ತಲೆಯಡಿ ಮೆತ್ತಗಿನದೇನಾದರೂ ಇಟ್ಟು, ಗಡಿಯಾರ ನೋಡುವುದು. ಐದು ನಿಮಿಷ ದಾಟಿದರೆ ಆಂಬುಲೆನ್ಸ್. ಬೀಗದ ಕೈ ಇಲ್ಲ, ಬೂಟು ಇಲ್ಲ.

"ಮಾಶಿಮಾ, ಬಾಯಿಗೆ ಒಂದು ಚಮಚ ನೀರು?" ಎಂದು ಬೌದಿ ಕೇಳಿದರು. ಅತ್ತೆ ಅಲ್ಲಿ ಎಲ್ಲರಿಗೂ ಮಾಶಿಮಾ, ಅಂದರೆ ಚಿಕ್ಕಮ್ಮ.

"ಕುಛ್ ನಹೀ!" ಎಂದು ಮೂರ್ಛೆಯಲ್ಲಿದ್ದ ಅತ್ತೆ ಗದರಿದರು.

"ಮೂರ್ಛೆ ಹೋದವರು ಮಾತಾಡಬಾರದು, ಮಾಶಿಮಾ," ಎಂದ ದರ್ವಾನ್.

ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಮೇಲೆ ಬಂದ ಮೇಲೆ ಸಿಟ್ಟಿನಿಂದ ಕೇಳಿದೆ, "ನಿಮಗ ಇಲ್ಲದ ಬ್ಯಾನಿಗೆ ಇಷ್ಟ್ಯಾಕ ನಾಟಕ?"

"ತಾಲೀಮ ಇಲ್ಲದ ಪರೀಕ್ಷಾಕ್ಕ ಕೂಡಬಾರದಪಾ."

ಕಳೆದ ತಿಂಗಳು, ಪ್ರಬಂಧದ ಅಧ್ಯಾಯ ಮುಗಿಸುವ ಗಡಿಬಿಡಿಯಲ್ಲಿ, ನಾನು ಎರಡು ದಿನ ಮಾತ್ರೆ ಮರೆತೆ. ಮೂರನೆಯ ದಿನ ಬೆಳಿಗ್ಗೆ ಮೆಟ್ಟಿಲಿಳಿದು ನೆಲಮಹಡಿಗೆ ಕಾಲಿಟ್ಟದ್ದು ನೆನಪಿದೆ. ಆಮೇಲಿನದು ಇಲ್ಲ. ಎಚ್ಚರವಾದಾಗ ಕಂಡದ್ದನ್ನಷ್ಟೇ ಬರೆಯುತ್ತೇನೆ. ಎಡಮಗ್ಗುಲಲ್ಲಿ ಮಲಗಿದ್ದೆ. ತಲೆಯಡಿ ದರ್ವಾನ್ ಹೆಗಲಿನ ಗಮ್ಛಾ, ಮಡಿಸಿಟ್ಟ ತೆಳು ಟವೆಲು. ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು. ಕೈಯಲ್ಲಿ ಬೀಗದ ಕೈ ಇರಲಿಲ್ಲ. ನಾಲಿಗೆಯಿಂದ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಎಲ್ಲ ಇದ್ದಂತೆಯೇ ಇದ್ದವು.

"ದೋ ಮಿನಿಟ್, ದಸ್ ಸೆಕೆಂಡ್," ಎಂದು ದರ್ವಾನ್ ಅತ್ತೆಗೆ ವರದಿ ಒಪ್ಪಿಸುತ್ತಿದ್ದ. ಬೌದಿ ನನ್ನ ಬೆನ್ನು ಸವರುತ್ತಿದ್ದರು. ಯಾರೂ ಏನೂ ಕೇಳಲಿಲ್ಲ. ಯಾರೂ ದೂರ ಸರಿಯಲಿಲ್ಲ.

ಅಂದು ಸಂಜೆ ಅತ್ತೆಯ ಔಷಧಿ ಡಬ್ಬಿ ತೆರೆದೆ. ಗ್ಯಾಬಪೆಂಟಿನ್ ಇರಲಿಲ್ಲ.

"ನಿಮ್ಮ ಗುಳಿಗಿ ಎಲ್ಲೆ, ಅತ್ಯಾ?"

"ಉರಿ ಹೋತಲ್ಲಾ. ಒಮ್ಮಿಗೇ ಬಿಡಬಾರದು ಅಂತ ಡಾಕ್ಟರು ಸ್ವಲ್ಪ ಸ್ವಲ್ಪ ಇಳಿಸಿದರು. ಯುಗಾದಿ ಹಿಂದೇನ ಮುಗೀತು."

"ಮತ್ತ ಇಷ್ಟು ತಿಂಗಳು ರವಿವಾರಕ್ಕೊಮ್ಮೆ ಯಾಕ ಬೀಳತಿದ್ರಿ?"

ಅತ್ತೆ ನನ್ನ ಮುಂದೆ ನೀರು ಇಟ್ಟರು. "ಮೊದಲ ನಿಂದು ನುಂಗು."

ಮುಂದಿನ ಭಾನುವಾರ ಹನ್ನೊಂದಕ್ಕೆ ಚಾಪೆ ಹಾಸಿದವನು ನಾನು. ಅತ್ತೆ ಕನ್ನಡಕ ತೆಗೆಯಲು ಹೋದರು. "ಬ್ಯಾಡ್ರಿ, ಅತ್ಯಾ," ಎಂದು ಎಲ್ಲರೆದುರು ನಾನೇ ಮಲಗಿ ಕಣ್ಣು ಮುಚ್ಚಿದೆ. ಅತ್ತೆ ನನ್ನನ್ನು ನಿಧಾನವಾಗಿ ಎಡಮಗ್ಗುಲಿಗೆ ಹೊರಳಿಸಿದರು. ಅದು ಬರೀ ತಾಲೀಮು. ಆದರೂ ಅವರು ನನ್ನ ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಗಡಿಯಾರ ನೋಡತೊಡಗಿದರು.