ಜಯನಗರಕ್ಕೆ ಬರಲೊಲ್ಲದ ಅಮ್ಮ

ಹೊಸ ಬಡಾವಣೆ ಎಂದ ಮೇಲೆ ದಿನಕ್ಕೊಂದು ಫಜೀತಿ ಇದ್ದದ್ದೇ. ಅರವತ್ತರ ದಶಕದ ಶುರುವಿನಲ್ಲಿ ಜಯನಗರದಲ್ಲಿ ಕಟ್ಟಿ ಮುಗಿದ ಮನೆಗಳನ್ನು ತೋರಿಸಿ, ಬೀಗದ ಕೈ ಕೊಡುವ ಗುಮಾಸ್ತ ನಾನು. ಬಸವನಗುಡಿಯಲ್ಲಿ ಬಾಡಿಗೆಗಿದ್ದ ಒಬ್ಬ ಮೇಷ್ಟ್ರಿಗೆ ಇಲ್ಲಿ ಮನೆ ಸಿಕ್ಕಿತು. ಸ್ವಂತ ಮನೆ ಅವರ ಜೀವಮಾನದ ಆಸೆ. ಅವರ ಹೆಂಡತಿಗೆ ಮಾತ್ರ ಸುತರಾಂ ಇಷ್ಟವಿಲ್ಲ.

೧. ರಸ್ತೆ

ಮನೆ ನೋಡಲು ಬಂದ ದಿನ ಆಕೆ ರಸ್ತೆಯಲ್ಲೇ ನಿಂತುಬಿಟ್ಟರು.

"ಇಷ್ಟು ಅಗಲದ ರಸ್ತೆ ಯಾರಿಗಪ್ಪ?"

"ಮುಂದೆ ಇಲ್ಲಿ ಬಸ್ಸು ಓಡಾಡುತ್ತೆ ಅಮ್ಮಾ."

ಆಗ ಅಲ್ಲಿ ಓಡಾಡುತ್ತಿದ್ದದ್ದು ಒಂದು ಕುರಿಮಂದೆ. ಅದು ದಾಟುವವರೆಗೂ ಕಾದು ಆಕೆ ಹೇಳಿದರು: "ಸರಿ, ಆ ಬಸ್ಸು ಬರಲಿ. ಅದರಲ್ಲೇ ಬರ್ತೀನಿ."

೨. ವಿಳಾಸ

ಮಗಳಿಗೆ ಕಾಗದ ಬರೆಯಲು ಮೇಷ್ಟ್ರು ಹೊಸ ಮನೆಯ ವಿಳಾಸ ಕೇಳಿದರು. ಮನೆ ನಂಬರು, ಕ್ರಾಸು, ಮೇನು, ಬ್ಲಾಕು ಎಲ್ಲ ಹೇಳಿದೆ.

"ಇದೇನು ವಿಳಾಸವೋ, ಮಗ್ಗಿಯೋ?" ಅಂದರು ಆಕೆ. "ಒಂದು ದೇವಸ್ಥಾನದ ಹೆಸರಿಲ್ಲ, ಬಾವಿಯ ಹೆಸರಿಲ್ಲ. ಒಂದು ನಂಬರು ತಪ್ಪಿದ್ರೆ ನನ್ನ ಮಗಳು ಯಾರ ಮನೆಗೆ ಬಾಣಂತನಕ್ಕೆ ಹೋಗ್ತಾಳೋ!"

ಮೇಷ್ಟ್ರ ಬಾಡಿದ ಮುಖ ನೋಡಿ ನನಗೂ ಸಂಕಟವಾಯಿತು.

೩. ಹಸು

ಗೃಹಪ್ರವೇಶಕ್ಕೆ ಆಕೆ ಒಪ್ಪಿದ್ದು ಒಂದೇ ಕರಾರಿನ ಮೇಲೆ: ಊಟ ಮುಗಿಸಿ ಬಸವನಗುಡಿಗೆ ವಾಪಸ್, ಈ ಮನೆಯನ್ನು ಬೇರೆಯವರಿಗೆ ಬಾಡಿಗೆಗೆ ಕೊಡುವುದು.

ಪಕ್ಕದ ಹಳ್ಳಿಯ ಗೌಡರು ಹಸು ತಂದರು. ಸಾಲು ಮನೆಗಳೆಲ್ಲ ಒಂದೇ ಅಚ್ಚು, ನಂಬರು ಇನ್ನೂ ಬರೆದಿರಲಿಲ್ಲ. ಹಸು ನೆಟ್ಟಗೆ ಹೋಗಿ ಒಂದು ಬಾಗಿಲ ಮುಂದೆ ನಿಂತಿತು. ಮುಹೂರ್ತ ಮೀರುತ್ತಿತ್ತು. ಗಡಿಬಿಡಿಯಲ್ಲಿ ನಾನು ಬೀಗದ ಕೈ ತಿರುಗಿಸಿದೆ, ಬೀಗ ತೆರೆಯಿತು. ಹಸು ಒಳಗೆ ಹೋಯಿತು, ಹಿಂದೆ ನಾವೂ ಹೋದೆವು. ಆಕೆ ಒಲೆ ಹೊತ್ತಿಸಿದರು, ಹಾಲು ಚೆನ್ನಾಗಿ ಉಕ್ಕಿತು.

ಪಾಯಸ ಬಡಿಸುವ ಹೊತ್ತಿಗೆ ಇನ್ನೊಂದು ಸಂಸಾರ ಇನ್ನೊಂದು ಹಸು ಹಿಡಿದು ಬಾಗಿಲಿಗೆ ಬಂತು.

"ಇದು ನಮ್ಮ ಮನೆ, ಸಾರ್!"

ಕಾಗದ ತೆಗೆದು ನೋಡಿದೆ. ಅವರದ್ದೇ! ಕಂಟ್ರಾಕ್ಟರು ಸಾಲಿಗೆಲ್ಲ ಒಂದೇ ಬೀಗದ ಕೈಗೆ ತೆರೆಯುವ ಬೀಗ ಹಾಕಿಸಿದ್ದ.

"ಹಸುವಿನ ತಪ್ಪಿಲ್ಲ ಸ್ವಾಮಿ," ಅಂದರು ಗೌಡರು. "ಮೊದಲು ನಮ್ಮ ಕೊಟ್ಟಿಗೆ ಇದ್ದಿದ್ದು ಇಲ್ಲೇ. ಅದು ಅದರ ಮನೆಗೆ ಬಂತು."

ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ಸೋತ ದನಿಯಲ್ಲಿ, "ನಡಿಯೇ, ನಮ್ಮದು ಪಕ್ಕದ ಮನೆಯಂತೆ," ಅಂದರು.

ಆಕೆ ಸೌಟು ಹಿಡಿದೇ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರು.

"ನನ್ನ ಕೈಯಾರೆ ಹಾಲು ಉಕ್ಕಿಸಿದ ಮನೆ ಇದು. ಬಿಟ್ಟು ಕದಲಲ್ಲ. ಇವರಿಗೆ ಪಕ್ಕದ್ದು ಕೊಡಿ," ಎಂದು ನನಗೆ ಹೇಳಿ ಗಂಡನ ಕಡೆ ತಿರುಗಿದರು. "ನಿಮಗೆ ಬಸವನಗುಡೀನೇ ಬೇಕಾದ್ರೆ, ಊಟ ಮಾಡ್ಕೊಂಡು ನೀವೊಬ್ರೇ ಹೋಗಿ!"